ಬೂತಾಯಿ ಯಾರ ಮೀನು?

1943ರಲ್ಲಿ ಮದರಾಸು ಸರ್ಕಾರ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲಿಗೆ ಒಂದು ಕಟ್ಟಳೆ ಹೇರಿತು. ಬೂತಾಯಿ ಹಿಡಿಯುವ ಕೆಲವು ಬಗೆಯ ಬಲೆ ಬೀಸುವಂತಿಲ್ಲ, ಮರಿಮೀನು ಬಾಚುವಂತಿಲ್ಲ. ಬೂತಾಯಿಗೆಂದೇ ಹೆಣೆದ, ಮಲೆಯಾಳದಲ್ಲಿ ಮತ್ತಿಕೊಲ್ಲಿ ವಲ ಎನ್ನುವ ಬಲೆ ಮೊದಲ ಆರೋಪಿ. ಅದು ಯುದ್ಧದ ಕಾಲ. ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಗಂಜಿಯ ಜೊತೆ ನಂಚಿಕೊಳ್ಳಲು ಬಡವರಿಗೆ ದಕ್ಕುತ್ತಿದ್ದ ಅಗ್ಗದ ಮೀನೂ ಅದೇ ಹೊತ್ತಿಗೆ ಕೈಕೊಟ್ಟಿತ್ತು. 1941ರ ಸುಮಾರಿಗೆ ಹಿಡಿದ ಈ ಮೀನಿನ ಬರ ಆ ದಶಕ ಮುಗಿಯುವ ತನಕ ಬಿಡಲಿಲ್ಲ.

ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರದ ಕಡೆ ತಾರ್ಲೆ, ಕಾಸರಗೋಡು ದಾಟಿದರೆ ಮತ್ತಿ. ಹೆಸರು ಎಷ್ಟಾದರೂ ಮೀನು ಒಂದೇ. ಆದರೆ ಮದರಾಸಿನ ಕಟ್ಟಳೆಗೆ ಅದು ಒಂದೇ ಆಗಿರಲಿಲ್ಲ. ಶಿರೂರಿನ ತನಕ ಮದರಾಸು ಪ್ರಾಂತ್ಯ. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟು ಭಟ್ಕಳದ ಸೀಮೆಗೆ ಬಂದರೆ ಮುಂಬಯಿ ಪ್ರಾಂತ್ಯ. 1862ರಲ್ಲಿ ಕೆನರಾ ಜಿಲ್ಲೆಯನ್ನು ಎರಡು ತುಂಡು ಮಾಡಿ ಹಂಚಿಕೊಂಡ ಮೇಲೆ ಒಂದೇ ಕರಾವಳಿಗೆ ಇಬ್ಬರು ಯಜಮಾನರು. ಬೈಂದೂರಿನಲ್ಲಿ ಬಲೆ ಬೀಸಿದರೆ ತಪ್ಪು, ಮುರ್ಡೇಶ್ವರದಲ್ಲಿ ಬೀಸಿದರೆ ತಪ್ಪಲ್ಲ. ಮೀನುಗಾರರು ಗೊಣಗಿದರು, ಅರ್ಜಿ ಬರೆದರು. ಕೆಲವೇ ವರ್ಷಗಳಲ್ಲಿ ಸರ್ಕಾರ ಕಟ್ಟಳೆಯನ್ನು ಹಿಂತೆಗೆದುಕೊಂಡಿತು. 1950ರ ದಶಕದಲ್ಲಿ ಬೂತಾಯಿ ತಾನಾಗಿಯೇ ಮರಳಿ ಬಂತು. ಕಟ್ಟಳೆಯಿಂದ ಬಂತೋ, ಕಟ್ಟಳೆ ಇಲ್ಲದಿದ್ದರೂ ಬರುತ್ತಿತ್ತೋ ಎಂಬ ಜಗಳ ಮಾತ್ರ ಮುಗಿಯಲಿಲ್ಲ.

ಆ ಜಗಳದ ಬುಡದಲ್ಲಿ ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯಿತ್ತು. ಮಂಗಳೂರಿನ ಬೂತಾಯಿ, ಕಲ್ಲಿಕೋಟೆಯ ಮತ್ತಿ, ಕಾರವಾರದ ತಾರ್ಲೆ ಒಂದೇ ವಂಶದವೋ, ಬೇರೆ ಬೇರೆ ಕುಲದವೋ? ಒಂದೇ ಆಗಿದ್ದರೆ ಒಂದು ಊರಿನಲ್ಲಿ ಬಲೆ ನಿಲ್ಲಿಸಿ ಪಕ್ಕದೂರಿನಲ್ಲಿ ಬಿಡುವುದರಲ್ಲಿ ಅರ್ಥವಿಲ್ಲ. ಬೇರೆ ಬೇರೆಯಾಗಿದ್ದರೆ ಒಂದು ಕುಲ ಅಳಿದಾಗ ಇನ್ನೊಂದು ಬಂದು ಆ ಜಾಗ ತುಂಬೀತೆಂಬ ಭರವಸೆಯಿಲ್ಲ.

ಈ ಕಥೆ ನಿಜವಾಗಿ ಶುರುವಾಗುವುದು ಅದಕ್ಕೂ ನಲವತ್ತು ವರ್ಷ ಮೊದಲು, ಸರ್ ಫ್ರೆಡರಿಕ್ ನಿಕಲ್ಸನ್ ಎಂಬ ಐಸಿಎಸ್ ಅಧಿಕಾರಿಯಿಂದ. ಸಹಕಾರ ಸಂಘಗಳ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತು. ರೈತರ ಸಾಲದ ಬಗ್ಗೆ ವರದಿ ಬರೆದು ನಮ್ಮ ದೇಶದ ಸಹಕಾರಿ ಕಾಯ್ದೆಗೆ ದಾರಿ ಮಾಡಿಕೊಟ್ಟವರು ಅವರೇ. 1905ರಲ್ಲಿ ಅವರಿಗೆ ಮೀನುಗಾರಿಕೆಯ ವಿಶೇಷ ಹೊಣೆ ಬಂತು. ಎರಡು ವರ್ಷದಲ್ಲಿ ಮದರಾಸಿನಲ್ಲಿ ಮೀನುಗಾರಿಕೆಗೆಂದೇ ಒಂದು ಕಚೇರಿಯೂ ಎದ್ದಿತು. ಪಶ್ಚಿಮ ಕರಾವಳಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಮರಳಿನ ಮೇಲೆ ಹರಡಿ ಒಣಗುತ್ತಿದ್ದ ಬೂತಾಯಿ ರಾಶಿ. ಎಣ್ಣೆಯೆಲ್ಲ ಮರಳಿಗೆ ಇಳಿಯುತ್ತಿತ್ತು, ಗೊಬ್ಬರದೊಳಗೆ ಮರಳು ಸೇರುತ್ತಿತ್ತು. ಮೀನನ್ನು ಹಂಡೆಯಲ್ಲಿ ಬೇಯಿಸಿ, ಹಿಂಡಿ, ಮೇಲೆ ತೇಲಿದ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಒಣಗಿಸಿ ಗೊಬ್ಬರ ಮಾಡುವ ವಿಧಾನವನ್ನು ಅವರ ಇಲಾಖೆ ಕಲಿಸಿತು. ಲಾಭದ ವಾಸನೆ ಮೀನಿನ ವಾಸನೆಗಿಂತ ಬೇಗ ಹರಡುತ್ತದೆ. ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡದುದ್ದಕ್ಕೂ ನೂರಾರು ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಅದುವರೆಗೆ ಊಟಕ್ಕಾಗಿ ಮಿಕ್ಕಿದ್ದನ್ನು ಗದ್ದೆಗೆ ಹಾಕುತ್ತಿದ್ದವರು ಈಗ ಕಾರ್ಖಾನೆಗೆಂದೇ ಮೀನು ಹಿಡಿಯತೊಡಗಿದರು.

ಕಾರ್ಖಾನೆ ಎಂದ ಮೇಲೆ ವರ್ಷವರ್ಷವೂ ಒಂದೇ ಪ್ರಮಾಣದ ಮಾಲು ಬೇಕು. ಬೂತಾಯಿ ಹಾಗೆ ಬರುವ ಮೀನಲ್ಲ. ಒಂದು ವರ್ಷ ದೋಣಿ ಮುಳುಗುವಷ್ಟು, ಮರುವರ್ಷ ಬೆಕ್ಕಿಗೂ ಸಾಲದಷ್ಟು. ಇದು ಹೊಸದೇನೂ ಅಲ್ಲ. ಮಲಬಾರಿನ ಮೀನುಗಳ ಬಗ್ಗೆ 1865ರಲ್ಲೇ ಪುಸ್ತಕ ಬರೆದ ಸೇನೆಯ ವೈದ್ಯ ಫ್ರಾನ್ಸಿಸ್ ಡೇ ಕೂಡ ಈ ಏರಿಳಿತವನ್ನು ಗಮನಿಸಿದ್ದರು. ಈಗ ಬಂಡವಾಳ ಹೂಡಿದವರಿಗೆ ಉತ್ತರ ಬೇಕಾಗಿತ್ತು. ಅದನ್ನು ಹುಡುಕಲು ಬಂದವರು ಜೇಮ್ಸ್ ಹಾರ್ನೆಲ್. ಸಿಂಹಳದ ಮುತ್ತಿನ ಸಿಂಪಿಗಳ ಅಧ್ಯಯನ ಮಾಡಿ ಬಂದಿದ್ದ ಈ ಮನುಷ್ಯ 1908ರಲ್ಲಿ ಮಲಬಾರ್ ಕರಾವಳಿ ಹಿಡಿದು ಲಕ್ಷದ್ವೀಪದವರೆಗೆ ಹಡಗಿನಲ್ಲಿ ಸಮೀಕ್ಷೆ ನಡೆಸಿದರು. ಎಂ. ರಾಮಸ್ವಾಮಿ ನಾಯುಡು ಅವರ ಜೊತೆ 1924ರಲ್ಲಿ ಅವರು ಪ್ರಕಟಿಸಿದ ವರದಿ ಬೂತಾಯಿಯ ಬದುಕಿನ ಮೊದಲ ಚರಿತ್ರೆ: ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟು ಬೇಗ ಬೆಳೆಯುತ್ತದೆ, ನೀರಿನಲ್ಲಿ ಏನು ತಿನ್ನುತ್ತದೆ.

ಅವರ ಜಾಡಿನಲ್ಲೇ ನಡೆದ ದೇವನೇಶನ್ 1943ರಲ್ಲಿ ಬೂತಾಯಿಯ ಮೊಟ್ಟೆಯನ್ನೂ ಮೊಟ್ಟೆಯಿಡುವ ನೆಲೆಯನ್ನೂ ಕಂಡೆನೆಂದು ಬರೆದರು. ಮೊಟ್ಟೆಯಿಡುವ ಮೀನನ್ನೂ ಮರಿಯನ್ನೂ ಬಾಚಿದ್ದೇ ಬರಕ್ಕೆ ಕಾರಣ ಎಂಬುದು ಅವರ ಕಡೆಯ ವಾದ. ಸರ್ಕಾರದ ಕಟ್ಟಳೆ ನಿಂತದ್ದು ಈ ವಾದದ ಮೇಲೆಯೇ. ಇನ್ನೊಂದು ಕಡೆಯವರು ಹೇಳಿದ್ದು: ನಾಡದೋಣಿಯ ಬಲೆ ಇಡೀ ಕಡಲನ್ನು ಬರಿದು ಮಾಡಲಾರದು, ಇದು ಮಳೆ-ಗಾಳಿ-ನೀರಿನ ಆಟ. ಅದೇ ಹೊತ್ತಿಗೆ ಅಮೆರಿಕದ ಪಶ್ಚಿಮ ತೀರದ ಮಾಂಟೆರೆಯಲ್ಲೂ ಬೂತಾಯಿಯ ನೆಂಟ ಸಾರ್ಡೀನ್ ಕುಸಿಯುತ್ತಿತ್ತು, ಅಲ್ಲೂ ಇದೇ ಜಗಳ. ಮುಂದೆ 1969ರಲ್ಲಿ ಅಲ್ಲಿನ ಕಡಲ ತಳದ ಕೆಸರಿನಲ್ಲಿ ಪದರಪದರವಾಗಿ ಹೂತಿದ್ದ ಮೀನಿನ ಹುರುಪೆಗಳನ್ನು ಎಣಿಸಿದಾಗ, ಕಾರ್ಖಾನೆಗಳು ಹುಟ್ಟುವುದಕ್ಕೆ ಶತಮಾನಗಳ ಮೊದಲೂ ಸಾರ್ಡೀನ್ ಬಂದು ಹೋಗಿ ಮಾಡುತ್ತಿತ್ತೆಂದು ತಿಳಿಯಿತು. ಹಾಗೆಂದು ಬಲೆ ನಿರಪರಾಧಿ ಎಂದಾಗಲಿಲ್ಲ. ಇಳಿಮುಖವಾಗಿರುವಾಗ ಬಾಚಿದರೆ ಏಳುವುದು ತಡವಾಗುತ್ತದೆ, ಅಷ್ಟೇ. ನನಗೆ ಕಂಡಂತೆ ಎರಡೂ ಕಡೆಯವರು ಅರ್ಧರ್ಧ ಸರಿ. ಇಬ್ಬರೂ ತಮ್ಮ ಅರ್ಧವನ್ನೇ ಪೂರ್ತಿ ಎಂದು ಸಾಧಿಸಿದ್ದು ತಪ್ಪು.

ಯುರೋಪಿನಲ್ಲಿ ಈ ಮಾತು ಆ ವೇಳೆಗಾಗಲೇ ಒಂದು ಹೆಜ್ಜೆ ಮುಂದೆ ಹೋಗಿತ್ತು. ಜರ್ಮನಿಯ ಫ್ರೆಡ್ರಿಕ್ ಹೈಂಕೆ 1898ರಲ್ಲೇ ಸಾವಿರಾರು ಹೆರಿಂಗ್ ಮೀನುಗಳ ಬೆನ್ನುಮೂಳೆಯ ಗೆಣ್ಣು ಎಣಿಸಿ, ಒಂದೇ ಜಾತಿಯೊಳಗೆ ಊರೂರಿಗೆ ಬೇರೆ ಬೇರೆ ಕುಲಗಳಿವೆ ಎಂದು ತೋರಿಸಿದ್ದರು. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ, ಮೀನಿನ ಸುಗ್ಗಿ-ಬರ ನಿರ್ಧಾರವಾಗುವುದು ಮರಿಗಳ ಮೊದಲ ದಿನಗಳಲ್ಲಿ, ಅವುಗಳಿಗೆ ಆಹಾರ ಸಿಗುವುದರ ಮೇಲೆ ಮತ್ತು ನೀರು ಅವನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದರ ಮೇಲೆ ಎಂದರು. ಕುಲ ಮತ್ತು ಪ್ರವಾಹ ಎಂಬ ಈ ಎರಡು ಎಳೆಗಳು ನಮ್ಮ ಬೂತಾಯಿಯ ವಿಷಯದಲ್ಲಿ ಒಂದಕ್ಕೊಂದು ಗಂಟು ಬೀಳಲು ಇನ್ನೊಂದು ಶತಮಾನ ಬೇಕಾಯಿತು.

ಸ್ವಾತಂತ್ರ್ಯಕ್ಕೆ ಆರು ತಿಂಗಳು ಮೊದಲು, 1947ರ ಫೆಬ್ರವರಿಯಲ್ಲಿ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿತು. ಅದರ ಮಂಗಳೂರು, ಕಾರವಾರ ಕೇಂದ್ರಗಳಲ್ಲಿ ಕೂತವರಿಗೆ ಬೂತಾಯಿ ಮತ್ತು ಬಂಗುಡೆಯೇ ದಿನದ ಪಾಠ. ಒಂದು ಬೂತಾಯಿಯನ್ನು ಅಂಗೈ ಮೇಲಿಟ್ಟು ನೋಡಿ. ನೀಲಿ-ಹಸಿರು ಬೆನ್ನು, ಬೆಳ್ಳಿ ಹೊಟ್ಟೆ, ಕಿವಿರಿನ ಮುಚ್ಚಳದ ಅಂಚಿಗೆ ಒಂದು ಕಪ್ಪು ಚುಕ್ಕೆ, ಅದರ ಹಿಂದೆ ಮಾಸಲು ಹೊಂಬಣ್ಣ. ತಲೆ ಉದ್ದ, ಮೈಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಮುಚ್ಚಳ ಎತ್ತಿದರೆ ಒಳಗಿನ ಕಮಾನಿನಲ್ಲಿ ನೂರೈವತ್ತಕ್ಕೂ ಹೆಚ್ಚು ನವಿರಾದ ಕಡ್ಡಿಗಳ ಸಾಲು, ಹಿಟ್ಟಿನ ಜರಡಿಯಂತೆ. ನೀರು ಹೊರಹೋಗುತ್ತದೆ, ಕಣ್ಣಿಗೆ ಕಾಣದ ಪಾಚಿ ಉಳಿಯುತ್ತದೆ. ಹೊಟ್ಟೆ ಸೀಳಿದರೆ ಕಾಣುವ ಆ ಕಂದು-ಹಸಿರು ಅಂಬಲಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟವರು ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಜಾತಿಯ ಪಾಚಿ ನೀರಿನಲ್ಲಿ ಹೆಚ್ಚಿದಾಗ ಬೂತಾಯಿಯೂ ಹೆಚ್ಚುತ್ತದೆ ಎಂದು 1955ರಲ್ಲಿ ಅವರು ಬರೆದರು. ಮಂಗಳೂರಿನಲ್ಲಿ ಎಂ.ಎಚ್. ಧೂಳಖೇಡ ಇಲ್ಲಿನ ಬೂತಾಯಿಯ ಆಹಾರವನ್ನೂ ಮೊಟ್ಟೆಯ ಗಾತ್ರವನ್ನೂ ಅಳೆದರು. 1969ರಲ್ಲಿ ಬಿ.ಟಿ. ಆಂಟನಿ ರಾಜಾ ಅದುವರೆಗಿನದನ್ನೆಲ್ಲ ಒಂದು ಗ್ರಂಥದಲ್ಲಿ ಕೂಡಿಸಿದರು. ಮುಂಗಾರಿನಲ್ಲಿ ಮೊಟ್ಟೆ, ಒಂದು ವರ್ಷಕ್ಕೆ ಪ್ರಾಯ, ಎರಡು-ಮೂರು ವರ್ಷಕ್ಕೆ ಆಯುಷ್ಯ ಮುಗಿಯಿತು. ಇಷ್ಟು ಚಿಕ್ಕ ಬದುಕಿನ ಮೀನಿಗೆ ಒಂದೆರಡು ಮುಂಗಾರು ಕೆಟ್ಟರೆ ಸಾಕು.

ಒಂದೋ ಹಲವೋ ಎಂಬ ಪ್ರಶ್ನೆಗೆ ಆಗ ಇದ್ದ ನೇರ ಉಪಾಯ ಮೀನಿಗೆ ಗುರುತು ಕಟ್ಟಿ ಬಿಡುವುದು. 1966ರಿಂದ 69ರ ತನಕ ಬಂಗುಡೆ ಮತ್ತು ಬೂತಾಯಿಗಳಿಗೆ ಗುರುತು ಹಾಕಿ ಕಡಲಿಗೆ ಬಿಡಲಾಯಿತು. ಕೋಟಿಗಟ್ಟಲೆ ಮೀನಿರುವ ಕಡಲಿನಲ್ಲಿ ಗುರುತಿನ ಮೀನು ಮತ್ತೆ ಬಲೆಗೆ ಬೀಳಬೇಕು, ಬಿದ್ದದ್ದು ಕಾರ್ಖಾನೆಯ ಹಂಡೆಗೆ ಹೋಗದೆ ಯಾರದಾದರೂ ಕಣ್ಣಿಗೆ ಬೀಳಬೇಕು. ಕೆಲವೇ ಗುರುತುಗಳು ಮರಳಿ ಸಿಕ್ಕವು. 1971ರಿಂದ ವಿಶ್ವಸಂಸ್ಥೆಯ ನೆರವಿನಲ್ಲಿ ರಾಸ್ಟ್ರೆಲ್ಲಿಜರ್, ಸಾರ್ಡಿನೆಲ್ಲಾ ಎಂದು ಆ ಎರಡು ಮೀನುಗಳ ಹೆಸರನ್ನೇ ಹೊತ್ತ ಎರಡು ಹಡಗುಗಳು ರತ್ನಾಗಿರಿಯಿಂದ ತೂತ್ತುಕುಡಿಯವರೆಗೆ ಓಡಾಡಿ, ಶಬ್ದದ ಪ್ರತಿಧ್ವನಿಯಿಂದ ಮೀನಿನ ಹಿಂಡುಗಳ ಅಂದಾಜು ಮಾಡಿದವು. ಎಷ್ಟಿದೆ ಎಂಬುದು ತಕ್ಕಮಟ್ಟಿಗೆ ತಿಳಿಯಿತು. ಯಾವ ಕುಲ ಎಂಬುದು ತಿಳಿಯಲಿಲ್ಲ.

ಅಷ್ಟರಲ್ಲಿ ದಡದ ಮೇಲೆ ಬೇರೆಯದೇ ಕಾಲ ಬಂತು. 1975-76ರ ಹೊತ್ತಿಗೆ ಕರ್ನಾಟಕದ ಕರಾವಳಿಗೆ ಪರ್ಸೀನ್ ಬೋಟುಗಳು ಇಳಿದವು. ಅದುವರೆಗೆ ರಂಪಣಿಯದೇ ರಾಜ್ಯ. ಹಿಂಡು ದಡಕ್ಕೆ ಬರುವುದನ್ನು ಕಾದು, ಉದ್ದನೆಯ ಬಲೆಯಿಂದ ಸುತ್ತುಗಟ್ಟಿ, ಊರಿಗೆ ಊರೇ ಮರಳಿನ ಮೇಲೆ ನಿಂತು ಎಳೆಯುವ ಬಲೆ. ಸಿಕ್ಕಿದ್ದು ಎಳೆದವರಿಗೆಲ್ಲ ಪಾಲು. ಪರ್ಸೀನ್ ಹಿಂಡನ್ನು ದಡಕ್ಕೆ ಬರಲು ಬಿಡಲಿಲ್ಲ, ಕಡಲಿನಲ್ಲೇ ಸುತ್ತುವರಿದು ಬಲೆಯ ತಳ ಬಿಗಿಯಿತು. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಮೊಗವೀರ, ಖಾರ್ವಿ, ಹರಿಕಂತ್ರರ ಕೇರಿಗಳಲ್ಲಿ ಆ ಕಾಲದ ಕಹಿ ಇನ್ನೂ ಪೂರ್ತಿ ಆರಿಲ್ಲ. ರಂಪಣಿಗೆ ತನ್ನೂರಿನ ದಡವೇ ಕಡಲು. ಪರ್ಸೀನಿಗೆ ಇಡೀ ಕರಾವಳಿಯೇ ತನ್ನ ಗದ್ದೆ. ಮೀನು ಯಾರದು ಎಂಬ ಪ್ರಶ್ನೆ ಈಗ ಪ್ರಾಂತ್ಯಗಳ ನಡುವಿನದಾಗಿ ಉಳಿಯದೆ ಬೋಟಿನವರ ಮತ್ತು ದೋಣಿಯವರ ನಡುವಿನದಾಯಿತು.

ಇಲ್ಲಿ ಕಡಲಿನ ಒಳಗಿನ ಸಂಗತಿಗೆ ಬರಬೇಕು. ಗೌಡಗೆರೆ, ಶಿರಾ, ಮಧುಗಿರಿ ಕಡೆಯ ನಮ್ಮಂಥ ಬಯಲುಸೀಮೆಯವರಿಗೆ ಪ್ರಾಣಿಗಳ ನಡುವಿನ ಬೇಲಿ ಎಂದರೆ ಕಣ್ಣಿಗೆ ಕಾಣುವಂಥದ್ದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಅದು ಜಯಮಂಗಲಿ ಸಂರಕ್ಷಿತ ಪ್ರದೇಶವಾಯಿತು. ಅವುಗಳ ಸುತ್ತ ಹೊಲ, ರಸ್ತೆ, ಊರು. ಇನ್ನೊಂದು ಹುಲ್ಲುಗಾವಲಿನ ಹಿಂಡಿನೊಡನೆ ಅವು ಬೆರೆಯುವುದು ಹೇಗೆ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎಂಟು ರಾಜ್ಯಗಳ ಹನ್ನೆರಡು ಕಡೆಯಿಂದ ಕೃಷ್ಣಮೃಗದ ಹಿಕ್ಕೆ ತಂದು ಡಿಎನ್‌ಎ ನೋಡಿದರು. ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಗುಂಪು ಕಂಡವು. ಗಂಡುಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಅಲೆಯುತ್ತವೆ ಎಂಬುದೂ ಗೊತ್ತಾಯಿತು. ನೆಲದಲ್ಲೇ ನಮ್ಮ ಊಹೆ ಹೀಗೆ ಅಡ್ಡದಾರಿ ಹಿಡಿಯುವಾಗ, ಗೋಡೆಯೇ ಇಲ್ಲದ ನೀರಿನಲ್ಲಿ ಬೇಲಿ ಹುಡುಕುವುದು ಸುಲಭವೇ?

ಕಡಲಿನಲ್ಲಿ ಬೇಲಿ ಹಾಕುವುದೂ ಕೀಳುವುದೂ ನೀರೇ. ಅರಬ್ಬಿ ಸಮುದ್ರದಲ್ಲಿ ಅದು ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಮೇಲುನೀರು ದಕ್ಷಿಣಕ್ಕೆ, ಕಾರವಾರದಿಂದ ಕೊಚ್ಚಿಯತ್ತ ಹರಿಯುತ್ತದೆ. ಚಳಿಗಾಲದಲ್ಲಿ ಉತ್ತರಕ್ಕೆ, ಕೊಚ್ಚಿಯಿಂದ ಕಾರವಾರದತ್ತ. ಮುಂಗಾರಿನ ದಿನಗಳಲ್ಲಿ ಮೇಲಿನ ನೀರು ದಡ ಬಿಟ್ಟು ಸರಿದು, ತಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರಲ್ಲಿ ಪಾಚಿಗೆ ಬೇಕಾದ ಸತ್ವ ಹೇರಳ, ಉಸಿರಾಡುವ ಆಮ್ಲಜನಕ ಮಾತ್ರ ಕಡಿಮೆ. ಕನ್ಯಾಕುಮಾರಿಯ ಕಡೆ ಮೊದಲು ಶುರುವಾಗಿ ಇದು ಮೆಲ್ಲಗೆ ಉತ್ತರಕ್ಕೆ ಹತ್ತುತ್ತದೆ. ಕರ್ನಾಟಕದ ಕಡೆಗೆ ಬರುವಾಗ ತಡ, ಬಲವೂ ಕಡಿಮೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸತೀಶ್ ಶೆಟ್ಯೆ ಮತ್ತು ಅವರ ಸಂಗಡಿಗರು 1987ರ ಮುಂಗಾರಿನಲ್ಲಿ ಹಡಗಿನಿಂದ ಅಳೆದು ಈ ಚಿತ್ರವನ್ನು ಕಟ್ಟಿಕೊಟ್ಟರು. ಮುಂಗಾರು ಮುಗಿಯುವ ಹೊತ್ತಿಗೆ ಪಶ್ಚಿಮ ಕರಾವಳಿಯ ಉದ್ದಕ್ಕೂ ದಡಕ್ಕೆ ಸಮೀಪದ ತಳನೀರು ಉಸಿರುಗಟ್ಟುವ ಸ್ಥಿತಿಗೆ ಬರುತ್ತದೆ ಎಂದು ಅದೇ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ 2000ದಲ್ಲಿ ತೋರಿಸಿದರು.

ಇನ್ನೂ ಸೋಜಿಗದ ಸಂಗತಿ ಎಂದರೆ ಮಂಗಳೂರಿನ ಕಡಲನ್ನು ಆಳುವುದು ಅಲ್ಲಿನ ಗಾಳಿಯೊಂದೇ ಅಲ್ಲ. ಬಂಗಾಳ ಕೊಲ್ಲಿಯ ಮೇಲೆ ಬೀಸಿದ ಗಾಳಿ ಎಬ್ಬಿಸಿದ ಅಲೆ ಪೂರ್ವ ಕರಾವಳಿ ಹಿಡಿದು, ಶ್ರೀಲಂಕಾ ಬಳಸಿ, ಪಶ್ಚಿಮ ಕರಾವಳಿಯನ್ನು ಹತ್ತುತ್ತದೆ. ಇದು ದಡಕ್ಕೆ ಬಂದು ಒಡೆಯುವ ನೊರೆಯ ಅಲೆಯಲ್ಲ; ವಾರಗಟ್ಟಲೆ ಸಾಗುವ, ಕಣ್ಣಿಗೆ ಕಾಣದ ಏರಿಳಿತ. ಚಳಿಗಾಲದಲ್ಲಿ ಕೊಲ್ಲಿಯ ಸಪ್ಪೆ ನೀರೂ ಅದೇ ದಾರಿಯಲ್ಲಿ ಬಂದು ಕೇರಳ-ಕರ್ನಾಟಕದ ಉಪ್ಪು ನೀರಿನ ಮೇಲೆ ಹಾಸಿಕೊಳ್ಳುತ್ತದೆ. ಗಂಗೆ, ಬ್ರಹ್ಮಪುತ್ರ, ಗೋದಾವರಿಗಳ ನೀರೇ ಅದರಲ್ಲಿ ಹೆಚ್ಚು. ಆದರೂ ಲೆಕ್ಕಕ್ಕೆ ನಮ್ಮದೂ ಒಂದಿಷ್ಟಿದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾಯುವ ಜಯಮಂಗಲಿ ಉತ್ತರ ಪಿನಾಕಿನಿಗೆ ಸೇರಿ, ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಬೀಳುವಷ್ಟು ನೀರು ಹರಿಯುವ ವರ್ಷಗಳಲ್ಲಿ, ಅನ್ನಿ. ನಮ್ಮ ಸೀಮೆಯ ಹಳ್ಳದ ನೀರು ಓಡುವುದು ಪೂರ್ವಕ್ಕೇ. ಅರಬ್ಬಿ ಸಮುದ್ರ ನಮಗೆ ಹತ್ತಿರ, ಆದರೆ ಅಲ್ಲಿಗೆ ತಲುಪಬೇಕಾದರೆ ನಮ್ಮ ಮಳೆಹನಿ ಶ್ರೀಲಂಕಾ ಸುತ್ತಬೇಕು.

ಈಗ ಮೊಟ್ಟೆಯ ಪ್ರಯಾಣ ನೆನೆಯಿರಿ. ಬೂತಾಯಿ ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಮೊಟ್ಟೆ ನೀರಿನಲ್ಲಿ ತೇಲುತ್ತದೆ, ಒಂದು ದಿನದ ಆಸುಪಾಸಿನಲ್ಲಿ ಒಡೆಯುತ್ತದೆ. ಒಡೆದು ಬಂದ ಮರಿಗೆ ಈಜಿನ ಬಲವಿಲ್ಲ. ನೀರು ಒಯ್ದತ್ತ ಹೋಗಬೇಕು. ಮಂಗಳೂರಿನೆದುರು ಹುಟ್ಟಿದ್ದು ಕಾಸರಗೋಡು, ಕಣ್ಣೂರಿನತ್ತ ತೇಲುತ್ತದೆ. ಬೆಳೆದು ಈಜು ಕಲಿತ ಮೇಲೆ, ಪ್ರವಾಹವೂ ತಿರುಗಿದ ಮೇಲೆ, ಮತ್ತೆ ಉತ್ತರಕ್ಕೆ ಬರಲು ಅಡ್ಡಿಯಿಲ್ಲ. ಹೀಗೆ ವರ್ಷವರ್ಷವೂ ಕಡೆದರೆ ಕುಲಗಳು ಬೇರೆಯಾಗಿ ಉಳಿಯುವುದು ಕಷ್ಟ.

ಹೀಗೆಂದು ಊಹಿಸಬಹುದಿತ್ತು, ಸಾಬೀತು ಮಾಡಲು ಸಲಕರಣೆ ಇರಲಿಲ್ಲ. 1980-90ರ ದಶಕಗಳಲ್ಲಿ ಗೋವಾ, ಕೊಚ್ಚಿಗಳಲ್ಲಿ ಮೀನಿನ ಪ್ರೋಟೀನುಗಳನ್ನು ವಿದ್ಯುತ್ ಹರಿಸಿ ಬೇರ್ಪಡಿಸಿ, ಬಂಗುಡೆ ಮತ್ತು ಬೂತಾಯಿಗಳ ಒಳಭೇದ ಹುಡುಕುವ ಕೆಲಸ ನಡೆಯಿತು. ನಿಜವಾದ ತಿರುವು ಬಂದದ್ದು ಡಿಎನ್‌ಎ ಓದುವುದು ಅಗ್ಗವಾದ ಮೇಲೆ. ದಕ್ಕೆಯಲ್ಲಿ ಬುಟ್ಟಿಯಿಂದ ಒಂದು ಮೀನು ಎತ್ತಿ, ರೆಕ್ಕೆಯ ಚೂರನ್ನೋ ಚಿಟಿಕೆ ಮಾಂಸವನ್ನೋ ಕತ್ತರಿಸಿ, ಆಲ್ಕೋಹಾಲ್ ತುಂಬಿದ ಬೆರಳುದ್ದದ ಸೀಸೆಗೆ ಹಾಕಿದರೆ ಸಾಕು. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕಡಲ ಮೀನುಗಾರಿಕೆ ಸಂಸ್ಥೆಯ ಸಂಧ್ಯಾ ಸುಕುಮಾರನ್, ವಿಲ್ಸನ್ ಸೆಬಾಸ್ಟಿಯನ್, ಎ. ಗೋಪಾಲಕೃಷ್ಣನ್ ಮೊದಲಾದವರು 2016ರಿಂದ ಒಂದರ ಹಿಂದೊಂದು ಪ್ರಕಟಿಸಿದ ಅಧ್ಯಯನಗಳು ಬಂದದ್ದು ಇಂಥ ಸೀಸೆಗಳಿಂದ.

2021ರಲ್ಲಿ ಹೊರಬಂದ ಅವರ ಅಧ್ಯಯನ ಹಿಂದೂ ಮಹಾಸಾಗರದ ಬೇರೆ ಬೇರೆ ಕಡಲುಗಳ ಬೂತಾಯಿಯನ್ನು ಹೋಲಿಸಿತು. ಒಮಾನ್ ಕೊಲ್ಲಿಯ ಬೂತಾಯಿ ಎದ್ದು ಕಾಣುವಷ್ಟು ಬೇರೆ ಕುಲ. ಭಾರತದ ಕಡೆಯದು ಇನ್ನೊಂದು ದೊಡ್ಡ ಕುಲ. ನೈಋತ್ಯ ಕರಾವಳಿಯ ಪ್ರವಾಹಗಳನ್ನು ಕಂಪ್ಯೂಟರಿನಲ್ಲಿ ಹರಿಸಿ ನೋಡಿದಾಗ ಮರಿಗಳು ದೂರದೂರಕ್ಕೆ ಚದುರುವುದು ಕಂಡಿತು. ಎಂದರೆ, ಶಿರೂರಿನ ಗಡಿಗೂ ಕೇರಳದ ಅಂಚಿನ ತಲಪಾಡಿಯ ಗಡಿಗೂ ಬೂತಾಯಿಯ ಲೆಕ್ಕದಲ್ಲಿ ಕಿಮ್ಮತ್ತಿಲ್ಲ. 1943ರ ಕಟ್ಟಳೆ ಬರೆದವರು ಕೇಳದ ಪ್ರಶ್ನೆಗೆ ಉತ್ತರ ಬಂತು.

ಅಲ್ಲಿಗೇ ನಿಂತಿದ್ದರೆ ಕಥೆ ಸಲೀಸಾಗಿತ್ತು. ಆದರೆ ಅದೇ ತಂಡ 2020ರಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಓದಿದಾಗ ಬೇರೊಂದು ಗುರುತು ಕಂಡಿತ್ತು. ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಅಂಗ ಮೈಟೊಕಾಂಡ್ರಿಯ. ಆ ಕೆಲಸಕ್ಕೆ ಬೇಕಾದ ವಂಶವಾಹಿಗಳಲ್ಲೇ ಬದಲಾವಣೆಗಳು ಸಿಕ್ಕವು. ಕೇರಳ-ಕರ್ನಾಟಕದ ಎದುರಿನ ಆಗ್ನೇಯ ಅರಬ್ಬಿ ಸಮುದ್ರದ ಮೀನುಗಳಲ್ಲಿ ಅವು ಹೆಚ್ಚು, ಉತ್ತರ ಅರಬ್ಬಿ ಸಮುದ್ರದಲ್ಲಿ ಅದಕ್ಕಿಂತ ಕಡಿಮೆ, ಬಂಗಾಳ ಕೊಲ್ಲಿಯಲ್ಲಿ ಅಪರೂಪ. ವರ್ಷವರ್ಷ ಮುಂಗಾರಿನಲ್ಲಿ ಉಸಿರುಗಟ್ಟುವ ನೀರು, ಏರಿಳಿಯುವ ಬಿಸಿ, ಒಮ್ಮೆ ಹೇರಳ ಒಮ್ಮೆ ಇಲ್ಲದ ಆಹಾರ: ಇವುಗಳ ಒತ್ತಡಕ್ಕೆ ಮೈಒಗ್ಗಿಸಿಕೊಂಡ ಗುರುತುಗಳಿವು ಎಂಬುದು ಅವರ ವಾದ.

ಒಂದೇ ಕುಲ ಎನ್ನುವುದೂ, ನೀರಿನ ಗುಣಕ್ಕೆ ತಕ್ಕ ಭೇದವಿದೆ ಎನ್ನುವುದೂ ಒಟ್ಟಿಗೆ ಹೇಗೆ ನಿಜವಾದೀತು? ಪಂಡಿತರ ತಕರಾರು ಇಲ್ಲಿಯೇ. ಇಂಥ ನವಿರಾದ ಭೇದಗಳನ್ನು ಕುಲಭೇದ ಎಂದು ಎಣಿಸಬಾರದು ಎಂಬವರಿದ್ದಾರೆ. ಎಣಿಸದಿದ್ದರೆ ಮುಂದೆ ಕಡಲು ಬಿಸಿಯಾದಾಗ ಯಾವ ಮೀನು ಬದುಕೀತೆಂಬ ಸುಳಿವೇ ತಪ್ಪಿಹೋಗುತ್ತದೆ ಎಂಬವರೂ ಇದ್ದಾರೆ. ಹೆರಿಂಗ್ ವಿಷಯದಲ್ಲಿ ಈ ಒಗಟು ಬಿಡಿಸಿದ್ದು ಸ್ವೀಡನ್ನಿನವರು. ಬಾಲ್ಟಿಕ್ ಸಮುದ್ರದ ನೀರು ಸಪ್ಪೆ, ಅಟ್ಲಾಂಟಿಕ್ ಉಪ್ಪು. ಎರಡೂ ಕಡೆಯ ಹೆರಿಂಗಿನ ಪ್ರೋಟೀನುಗಳನ್ನು 1980ರ ದಶಕದಲ್ಲಿ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 2012ರಲ್ಲಿ ಉಪ್ಸಾಲದ ಲೈಫ್ ಆಂಡರ್ಸನ್ ತಂಡ ಡಿಎನ್‌ಎಯನ್ನು ವಿಸ್ತಾರವಾಗಿ ಓದಿದಾಗ, ಬಹುಪಾಲು ಜಾಗ ಒಂದೇ ತೆರನಾಗಿದ್ದರೂ ನೂರಾರು ಕಡೆ ನಿಚ್ಚಳ ಭೇದ ಕಂಡಿತು. ಬಾಲ್ಟಿಕ್ಕಿನ ಕೆಂಪುಛಾಯೆಯ ನೀರಿನಲ್ಲಿ ಕಾಣಲು ಕಣ್ಣಿನ ಪ್ರೋಟೀನಿನ ಒಂದೇ ಒಂದು ಕೊಂಡಿ ಬದಲಾಗಿರುವುದೂ ಆಮೇಲೆ ಸಿಕ್ಕಿತು. ಪ್ರವಾಹ ಬೆರೆಸುತ್ತಲೇ ಇರುತ್ತದೆ, ನೀರಿನ ಗುಣ ಆರಿಸುತ್ತಲೇ ಇರುತ್ತದೆ. ಬೆರೆಸಿದ್ದು ಡಿಎನ್‌ಎಯ ಬಹುಭಾಗದಲ್ಲಿ, ಆರಿಸಿದ್ದು ಕೆಲವು ಜಾಗಗಳಲ್ಲಿ ಮಾತ್ರ ಕಾಣುತ್ತದೆ. ಬೂತಾಯಿಯದೂ ಇದೇ ಜಾತಿಯ ಕಥೆ ಎಂದು ನನ್ನ ಎಣಿಕೆ.

ಈಜುವ ಬಲ ಇದ್ದರೆ ಬೇಲಿ ಇರುವುದಿಲ್ಲ ಎಂದುಕೊಳ್ಳುವವರಿಗೆ ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲ ಉತ್ತರ. ಬೇರೆ ಕಡಲಿನ ಅದರ ನೆಂಟರು ವರ್ಷವರ್ಷ ಸಾವಿರಾರು ಕಿಲೋಮೀಟರು ವಲಸೆ ಹೋಗುತ್ತವೆ. ಇಲ್ಲಿನವು ಮುಂಗಾರು ಎಬ್ಬಿಸಿದ ಆಹಾರ ಉಂಡು ಇಲ್ಲೇ ಇರುತ್ತವೆ. ದಕ್ಷಿಣ ಗೋಳಾರ್ಧದವಕ್ಕೂ ಇವಕ್ಕೂ ಮರಿಹಾಕುವ ಕಾಲ ಅರ್ಧ ವರ್ಷ ಆಚೀಚೆ. ಎದುರು ಬದುರಾದರೂ ಕೂಡಿಬರುವುದಿಲ್ಲ. ಸುಮಾರು 70,000 ವರ್ಷಗಳಿಂದ ಇವು ಬೇರೆಯಾಗಿವೆ ಎಂದು 2014ರ ಡಿಎನ್‌ಎ ಅಧ್ಯಯನ ಹೇಳಿತು. 1960ರ ದಶಕದ ನಡುವಿನಲ್ಲಿ ಸೋವಿಯತ್ ಹಡಗುಗಳು ಗುಟ್ಟಾಗಿ ಇಂಥ 242 ತಿಮಿಂಗಿಲಗಳನ್ನು ಕೊಂದವು. ಬೇರೆ ಕಡಲಿನಿಂದ ಯಾವುದೂ ಬಂದು ಆ ಜಾಗ ತುಂಬಲಿಲ್ಲ. ಒಮಾನ್ ಎದುರಿನಲ್ಲಿ ಈಗ ಉಳಿದಿರುವುದು ನೂರಕ್ಕೂ ಕಡಿಮೆ ಎಂಬ ಅಂದಾಜಿದೆ.

ಬೂತಾಯಿಯ ಬೇಲಿಗಳು ಈ ನಡುವೆ ಸರಿಯುತ್ತಲೂ ಇವೆ. 1985ಕ್ಕೆ ಮೊದಲು ದೇಶದ ಬೂತಾಯಿ ಬಹುಪಾಲು ಸಿಗುತ್ತಿದ್ದದ್ದು 8ರಿಂದ 14 ಡಿಗ್ರಿ ಅಕ್ಷಾಂಶದ ನಡುವೆ, ಅಂದರೆ ಕನ್ಯಾಕುಮಾರಿಯಿಂದ ಭಟ್ಕಳದವರೆಗೆ. ಕಡಲು ಬೆಚ್ಚಗಾದಂತೆ ಅದು ಉತ್ತರಕ್ಕೂ, ತಮಿಳುನಾಡು-ಆಂಧ್ರದ ಕಡೆಗೂ ಹಬ್ಬಿತೆಂದು ಇ. ವಿವೇಕಾನಂದನ್ ಮೊದಲಾದವರು ಲೆಕ್ಕ ಕೊಟ್ಟಿದ್ದಾರೆ. ಹಬ್ಬಿತೆಂದು ಹಿಗ್ಗುವಷ್ಟರಲ್ಲಿ 1940ರ ದಶಕದ ಚಿತ್ರವೇ ಮರುಕಳಿಸಿತು. 2012ರಲ್ಲಿ ದೇಶದಲ್ಲಿ ಸುಮಾರು 7.2 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. ಕೇರಳದ ಪಾಲೇ 3.9 ಲಕ್ಷ ಟನ್. 2021ರಲ್ಲಿ ಕೇರಳಕ್ಕೆ ಸಿಕ್ಕಿದ್ದು 3,297 ಟನ್. ಮತ್ತೆ ಅದೇ ಎರಡು ಪಕ್ಷ, ಅದೇ ಜಗಳ: ಎಲ್ ನಿನೊ ಕಾರಣ, ಅಲ್ಲ ಮರಿಮೀನು ಬಾಚಿ ಮೀನುಹಿಟ್ಟು ಮಾಡಿದ್ದು ಕಾರಣ. 2023ರಲ್ಲಿ ಬೂತಾಯಿಯ ಪೂರ್ತಿ ಜೀನೋಮ್ ಓದಿ ಮುಗಿಸಿದ್ದೇವೆ ಎಂದು ಕೊಚ್ಚಿಯ ಸಂಸ್ಥೆ ಪ್ರಕಟಿಸಿತು; ಅದರಲ್ಲಿ 46,316 ಪ್ರೋಟೀನ್ ವಂಶವಾಹಿಗಳು. 2024ರ ಮುಂಗಾರು ಚೆನ್ನಾಗಿ ಕೂಡಿ ಬಂತು. ಕೇರಳದ ದಡಕ್ಕೆ ಬೂತಾಯಿ ರಾಶಿರಾಶಿಯಾಗಿ ಬಂತು, ಆದರೆ ಬಂದದ್ದು ಬೆರಳುದ್ದ ದಾಟದ ಬಡಕಲು ಮೀನು. ಮರಿ ಅತಿಯಾಗಿ ಹುಟ್ಟಿ, ಹುಟ್ಟಿದವಕ್ಕೆಲ್ಲ ಆಹಾರ ಸಾಲದೆ ಕುಗ್ಗಿದವು ಎಂದು ಸಂಸ್ಥೆ ವಿವರಿಸಿತು.

ಕಟ್ಟಳೆಗಳ ವಿಷಯದಲ್ಲಿ ನಾವು 1943ರಿಂದ ಬಹಳ ದೂರ ಬಂದಿಲ್ಲ. ಅಂದು ಮದರಾಸು-ಮುಂಬಯಿ, ಇಂದು ಕರ್ನಾಟಕ-ಕೇರಳ. 1956ರ ತನಕ ದಕ್ಷಿಣ ಕನ್ನಡದ್ದೇ ಆಗಿದ್ದ ಕಾಸರಗೋಡಿನ ಕಡಲು ಈಗ ಬೇರೆ ರಾಜ್ಯದ್ದು. ಕೇರಳ 2015ರಲ್ಲಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ಅಳತೆ ಗೊತ್ತುಮಾಡಿತು. ಮುಂಗಾರಿನಲ್ಲಿ ಯಾಂತ್ರಿಕ ಬೋಟುಗಳಿಗೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ತಲಪಾಡಿ ದಾಟಿದರೆ ಜೂನ್ 9ರ ನಡುರಾತ್ರಿಯಿಂದ 52 ದಿನ. ಜೂನ್ ಮೊದಲ ವಾರ ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಲಂಗರು ಹಾಕಿ ನಿಂತಿರುವಾಗ, ಗಡಿಯಾಚೆ ಇನ್ನೂ ಬಲೆ ಇಳಿಯುತ್ತಿರುತ್ತದೆ. ನೀರು ಹರಿಯುವುದೂ ಆಗ ಆ ಕಡೆಗೇ.